ಐದು ಮೈಲಿಯೊಳಗಿನ ಮನೆ

ಹೈದರಾಬಾದಿನ ಗಚ್ಚಿಬೌಲಿಯಲ್ಲಿ ನನ್ನ ಕಚೇರಿ. ಗಚ್ಚಿ ಎಂದರೆ ಸುಣ್ಣದ ಗಾರೆ, ಬೌಲಿ ಎಂದರೆ ಮೆಟ್ಟಿಲುಬಾವಿ. ಗಾರೆ ಈಗ ಆ ಹೆಸರಿನಲ್ಲಷ್ಟೇ ಉಳಿದಿದೆ. ಕಣ್ಣು ಹಾಯಿಸಿದಲ್ಲೆಲ್ಲ ಗಾಜು, ಅಲ್ಯೂಮಿನಿಯಂ, ಕಾಂಕ್ರೀಟು. ಅಂಥ ಕಟ್ಟಡಗಳ ಕಂಬಕ್ಕೆ, ತೊಲೆಗೆ ಎಷ್ಟು ಕಬ್ಬಿಣ ಬೇಕೆಂದು ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಊರು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ವಿಕಾರಾಬಾದ್, ತಾಂಡೂರು ದಾಟಿ ವಾಡಿ ಕಡೆಗೆ ಹೋಗುವ ರೈಲು ಹತ್ತಿದರೆ ಅರ್ಧ ದಿನದೊಳಗೆ ಮನೆ ಮುಟ್ಟಬಹುದು.

ಹೋದ ವರ್ಷ ಬೇಸಿಗೆಯಲ್ಲಿ ಅಣ್ಣ ಫೋನು ಮಾಡಿದ. ಹಿತ್ತಿಲ ಕಡೆ ಉಳಿದಿರುವ ಹಳೆಯ ಮಣ್ಣಿನ ಮಾಳಿಗೆಯನ್ನು ಕೆಡವಿ, ಮುಂದಿನ ಆರ್‌ಸಿಸಿ ಮನೆಗೆ ಸೇರಿಸಿ ಇನ್ನೊಂದು ಸ್ಲ್ಯಾಬ್ ಹಾಕಬೇಕು, ನಕ್ಷೆ ಮಾಡಿ ಕಳಿಸು ಎಂದ. ಮಗಳ ಮದುವೆ ಮಾತುಕತೆ ನಡೆದಿತ್ತು. ಬೀಗರು ಬಂದಾಗ ಮನೆ ಮನೆಯಂತಿರಬೇಕು ಎಂಬುದು ಅವನ ಚಿಂತೆ. ವಾರದೊಳಗೆ ಕಳಿಸುತ್ತೇನೆ ಎಂದವನು ಮೂರು ತಿಂಗಳು ಕಳಿಸಲಿಲ್ಲ. ಏಕೆಂದರೆ ಆ ಹಳೆಯ ಮಾಳಿಗೆಯಲ್ಲಿ ಯುಗಾದಿಯಿಂದ ಮಿರಗ ಮಳೆ ಹಿಡಿಯುವವರೆಗೆ ಅವ್ವ ಮಲಗುತ್ತಾಳೆ. ಮುಂದಿನ ಮನೆಯ ವಿನ್ಯಾಸ ನನ್ನದೇ. ನೌಕರಿ ಸೇರಿದ ಹೊಸತರಲ್ಲಿ, 2009ರಲ್ಲಿ, ಹೆಮ್ಮೆಯಿಂದ ಮಾಡಿಕೊಟ್ಟದ್ದು. ಹಗಲೆಲ್ಲ ಬಿಸಿಲು ಕುಡಿದ ಅದರ ಐದಿಂಚಿನ ಸ್ಲ್ಯಾಬು ರಾತ್ರಿ ಹನ್ನೊಂದಾದರೂ ಕಾವು ಬಿಡುತ್ತಲೇ ಇರುತ್ತದೆ. ಫ್ಯಾನು ಹಾಕಿದರೆ ಬಿಸಿಗಾಳಿಯೇ ಕೆಳಗಿಳಿಯುತ್ತದೆ. ಅವ್ವ ಒಂದು ಮಾತೂ ಆಡದೆ ಚಾಪೆ ಎತ್ತಿಕೊಂಡು ಹಿಂದಕ್ಕೆ ಹೋಗುತ್ತಾಳೆ.

ಆ ಮೂರು ತಿಂಗಳಲ್ಲಿ ನಾನು ಮಾಡಿದ ಕೆಲಸವೆಂದರೆ, ಓದುವ ಕಾಲದಲ್ಲಿ ಕೊಂಡು ಬಿಚ್ಚದೆ ಇಟ್ಟಿದ್ದ ಒಂದು ತೆಳ್ಳನೆಯ ಪುಸ್ತಿಕೆ ಓದಿದ್ದು. ಹೆಸರು ‘ಮಡ್’. ಬರೆದು ಚಿತ್ರ ಬಿಡಿಸಿದವರು ಲಾರಿ ಬೇಕರ್. ಆ ಪುಸ್ತಿಕೆಯ ಹಿಂದಿದ್ದ ಬದುಕು ನನ್ನನ್ನು ಹಿಡಿದು ಕೂರಿಸಿತು.

ಯುದ್ಧ ಬೇಡವೆಂದ ಹುಡುಗ

ಲಾರೆನ್ಸ್ ವಿಲ್‌ಫ್ರೆಡ್ ಬೇಕರ್ ಹುಟ್ಟಿದ್ದು 1917ರ ಮಾರ್ಚ್ 2ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಅಲ್ಲಿಯೇ ವಾಸ್ತುಶಿಲ್ಪ ಓದಿದರು. ಓದು ಮುಗಿಯುವ ಹೊತ್ತಿಗೆ ಯುರೋಪಿನ ಮೇಲೆ ಯುದ್ಧದ ಮೋಡ ಕವಿದಿತ್ತು. ಮನೆಯವರು ಮೆಥಡಿಸ್ಟರು; ಬೇಕರ್ ಮಾತ್ರ ಹರೆಯದಲ್ಲೇ ಕ್ವೇಕರ್ ಪಂಥದ ಕಡೆ ಒಲಿದವರು. ಆಯುಧ ಹಿಡಿಯುವುದಿಲ್ಲ ಎಂಬುದು ಆ ಪಂಥದ ನಿಷ್ಠೆ. ಹಾಗಾಗಿ ಅವರು ಸೈನ್ಯ ಸೇರದೆ ಕ್ವೇಕರರ ಆಂಬುಲೆನ್ಸ್ ದಳ ಸೇರಿ, ಅರಿವಳಿಕೆ ಕೊಡುವ ಕೆಲಸ ಕಲಿತು ಚೀನಾಕ್ಕೆ ಹೋದರು. ಗಾಯಾಳುಗಳ ಜೊತೆಗೆ ಕುಷ್ಠರೋಗಿಗಳ ಆರೈಕೆಯೂ ಅವರ ಪಾಲಿಗೆ ಬಂತು. ಮನೆ ಕಟ್ಟುವುದನ್ನು ಓದಿದ ಹುಡುಗ ಹೀಗೆ ಮೊದಲ ಹಲವು ವರ್ಷ ಕಳೆದದ್ದು ರೋಗಿಗಳ ನಡುವೆ. ಮುಂದೆ ಅವರು ಕಟ್ಟಿದ ಪ್ರತಿ ಗೋಡೆಯಲ್ಲಿ ಗಾಳಿ ಬೆಳಕಿಗೆ ಇಷ್ಟು ಜಾಗವೇಕೆ ಎಂದು ಕೇಳಿದರೆ ಉತ್ತರ ಈ ವರ್ಷಗಳಲ್ಲಿದೆ.

ಚೀನಾದಿಂದ ಇಂಗ್ಲೆಂಡಿಗೆ ಮರಳುವ ದಾರಿಯಲ್ಲಿ ಹಡಗಿಗಾಗಿ ಮುಂಬೈಯಲ್ಲಿ ಸುಮಾರು ಮೂರು ತಿಂಗಳು ಕಾಯಬೇಕಾಯಿತು. ಕ್ವೇಕರ್ ಸ್ನೇಹಿತರ ಮೂಲಕ ಗಾಂಧೀಜಿಯ ಪರಿಚಯವಾಯಿತು. ಬೇಕರ್ ಕಾಲಿನಲ್ಲಿದ್ದದ್ದು ಚೀನಾದಲ್ಲಿ ಚಿಂದಿ ಬಟ್ಟೆಯಿಂದ ಹೊಲಿದ ಜೋಡು. ಗಾಂಧಿಯ ಕಣ್ಣು ಮೊದಲು ಹೋದದ್ದು ಅದರ ಮೇಲೆ ಎನ್ನುತ್ತಾರೆ. ಮಾತು ಜೋಡಿನಿಂದ ಮನೆಗೆ ಹೊರಳಿತು. ಹಳ್ಳಿಯ ಮನೆಯನ್ನು ಕಟ್ಟುವ ಜಾಗದಿಂದ ಐದು ಮೈಲಿಯೊಳಗೆ ಸಿಗುವ ಸಾಮಗ್ರಿಯಿಂದಲೇ ಕಟ್ಟಬೇಕು ಎಂಬುದು ಗಾಂಧೀಜಿಯ ವಿಚಾರ. ಕಾಂಕ್ರೀಟು, ಉಕ್ಕು, ಗಾಜನ್ನು ಓದಿಕೊಂಡಿದ್ದ ತರುಣನಿಗೆ ಅದು ಆಗ ಆದರ್ಶದ ಅತಿರೇಕವಾಗಿ ಕಂಡಿತಂತೆ. ಅದರಲ್ಲಿರುವುದು ಬರಿಯ ಆದರ್ಶವಲ್ಲ, ಲೆಕ್ಕಾಚಾರ ಎಂದು ಒಪ್ಪಲು ಅವರಿಗೆ ಬಹಳ ವರ್ಷ ಬೇಕಾಯಿತು. ಅದನ್ನು ಅವರೇ ಬರೆದುಕೊಂಡಿದ್ದಾರೆ.

ಹೈದರಾಬಾದಿನ ವೈದ್ಯೆ

1945ರಲ್ಲಿ ಬೇಕರ್ ಮತ್ತೆ ಭಾರತಕ್ಕೆ ಬಂದರು, ಈ ಸಲ ಕುಷ್ಠರೋಗ ಮಿಷನ್ನಿನ ವಾಸ್ತುಶಿಲ್ಪಿಯಾಗಿ. ಅದುವರೆಗೆ ಕುಷ್ಠರೋಗಿಗಳ ಆಶ್ರಮವೆಂದರೆ ಊರಿನಿಂದ ದೂರ ತಳ್ಳಿಟ್ಟ ಗೋಡೆಗಳ ನಡುವಿನ ಬದುಕು. ಹೊಸ ಔಷಧಗಳು ಬರುತ್ತಿದ್ದಂತೆ ರೋಗ ವಾಸಿಯಾಗುತ್ತದೆ ಎಂಬ ನಂಬಿಕೆ ಹುಟ್ಟಿತು. ಕೂಡಿಹಾಕುವ ಜಾಗಗಳನ್ನು ಚಿಕಿತ್ಸೆಯ ಜಾಗಗಳನ್ನಾಗಿ ಬದಲಿಸುವುದು ಬೇಕರ್ ಕೆಲಸ. ಮಿಷನರಿಗಳ ದೊಡ್ಡ ಬಂಗಲೆ, ಆಳುಕಾಳು ಅವರಿಗೆ ಒಗ್ಗಲಿಲ್ಲ. ಫೈಜಾಬಾದಿನಲ್ಲಿ ಪಿ.ಜೆ. ಚಾಂಡಿ ಎಂಬ ಕೇರಳದ ವೈದ್ಯರ ಮನೆ ಸೇರಿಕೊಂಡರು.

ನನ್ನ ಹೈದರಾಬಾದು ಈ ಕಥೆಯೊಳಗೆ ಬರುವುದು ಇಲ್ಲಿ. ಚಾಂಡಿಯವರ ತಂಗಿ ಎಲಿಜಬೆತ್ ಜೇಕಬ್ ಕೂಡ ವೈದ್ಯೆ. ಅದೇ ಸಂಸ್ಥೆಗಾಗಿ ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದರು. ಆಗ ಇದು ನಿಜಾಮರ ರಾಜ್ಯ. ನಮ್ಮ ಕಲಬುರಗಿ, ಬೀದರ್, ರಾಯಚೂರುಗಳೂ ಅದರೊಳಗೇ ಇದ್ದವು. ಅಣ್ಣನಿಗೆ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದಾಗ ಅವನ ಕೆಲಸ ನೋಡಿಕೊಳ್ಳಲು ಎಲಿಜಬೆತ್ ಫೈಜಾಬಾದಿಗೆ ಹೋದರು. ಅಲ್ಲಿ ಬೇಕರ್ ಭೇಟಿ. ಇಬ್ಬರಿಗೂ ಒಂದೇ ನಂಬಿಕೆ, ಒಂದೇ ಬಗೆಯ ರೋಗಿಗಳು. ಮದುವೆಗೆ ಎರಡೂ ಕಡೆಯವರ ವಿರೋಧವಿತ್ತು. ಅವಸರ ಮಾಡದೆ ಕಾದು 1948ರಲ್ಲಿ ಮದುವೆಯಾದರು.

ಮದುವೆಯಾದ ಹೊಸತರಲ್ಲಿ ತಿರುಗಾಟಕ್ಕೆಂದು ಹೋದದ್ದು ಹಿಮಾಲಯದ ಪಿಥೋರಾಗಢಕ್ಕೆ. ಬಂದಾಕೆ ಡಾಕ್ಟರು ಎಂದು ಗೊತ್ತಾಗಿದ್ದೇ ತಡ, ಸುತ್ತಲಿನ ಊರುಗಳಿಂದ ರೋಗಿಗಳು ಬರತೊಡಗಿದರು. ಅವರನ್ನು ಬಿಟ್ಟುಬರಲು ಮನಸ್ಸಾಗದೆ ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟಿಕೊಂಡು, ಆಸ್ಪತ್ರೆ ಕಟ್ಟಿಕೊಂಡು ಹದಿನಾರು ವರ್ಷ ಅಲ್ಲೇ ಉಳಿದರು.

ಬೇಕರ್ ಎರಡನೆಯ ಸಲ ವಿದ್ಯಾರ್ಥಿಯಾದದ್ದು ಆ ಗುಡ್ಡದಲ್ಲಿ. ಇಂಗ್ಲೆಂಡಿನಿಂದ ತಂದ ಪುಸ್ತಕಗಳಲ್ಲಿ ಮಣ್ಣು, ಸಗಣಿ, ಮುರಕಲ್ಲುಗಳ ಮಾತೇ ಇರಲಿಲ್ಲ. ಗೆದ್ದಲು, ಮುಂಗಾರು ಮಳೆಗಳ ಸುದ್ದಿಯೂ ಇರಲಿಲ್ಲ. ಊರಿನ ಕಲ್ಲುಕುಟಿಗರು, ಬಡಗಿಗಳು ಕಟ್ಟಿದ್ದ ಮನೆಗಳೋ ಚಳಿಗೆ, ಮಳೆಗೆ, ಇಳಿಜಾರಿಗೆ ತಕ್ಕಂತೆ ನಿಂತಿದ್ದವು. ಹಳ್ಳಿಯ ಮನೆಯಲ್ಲಿ ಕಾಣುವ ಪ್ರತಿಯೊಂದು ವಿವರದ ಹಿಂದೆ ನೂರಾರು ವರ್ಷ ತಪ್ಪಿ ತಿದ್ದಿಕೊಂಡ ಜನರ ಅನುಭವವಿದೆ, ಅದನ್ನು ಕೆಡವುವ ಮುಂಚೆ ಅದು ಯಾಕಿದೆ ಎಂದು ಕೇಳಬೇಕು ಎಂಬ ಪಾಠವನ್ನು ಅವರು ಅಲ್ಲಿಂದ ಬದುಕಿಡೀ ಹೊತ್ತು ತಂದರು. ನಾನು 2009ರಲ್ಲಿ ಕೇಳದೆ ಬಿಟ್ಟದ್ದು ಅದೇ ಪ್ರಶ್ನೆ.

ಮೇಸ್ತ್ರಿಗಳ ನಡುವಿನ ಎಂಜಿನಿಯರ್

1963ರಲ್ಲಿ ಬೇಕರ್ ದಂಪತಿ ಕೇರಳದ ವಾಗಮಣ್ ಗುಡ್ಡಗಳಿಗೆ ಬಂದರು. ಅಲ್ಲೂ ಆಸ್ಪತ್ರೆ. 1970ರ ಹೊತ್ತಿಗೆ ತಿರುವನಂತಪುರದಲ್ಲಿ ನೆಲೆಸಿದರು. ನಾಲಂಚಿರದ ಕಲ್ಲುಗುಡ್ಡದ ಮೇಲೆ ಒಂದು ಮರದ ಕೋಣೆಯಿಂದ ಶುರುವಾದ ಅವರ ಸ್ವಂತ ಮನೆ ಬೇಕಾದಂತೆ ಬೇಕಾದಾಗ ಬೆಳೆಯುತ್ತಾ ಹೋಯಿತು. ಎಲ್ಲೋ ಕೆಡವಿದ ಮನೆಯ ಬಾಗಿಲು, ಮತ್ತೆಲ್ಲಿಂದಲೋ ಬಂದ ಕಿಟಕಿ, ಬೆಳಕು ಬರಲೆಂದು ಗೋಡೆಯಲ್ಲಿ ಹುದುಗಿಸಿದ ಬಣ್ಣದ ಬಾಟಲಿಗಳು ಆ ಮನೆಯಲ್ಲಿ ಸೇರಿಕೊಂಡವು.

ಬೇಕರ್ ಬಹುಪಾಲು ಜನರಿಗೆ ಗೊತ್ತಾಗಿದ್ದು ಐವತ್ತು ದಾಟಿದ ಮೇಲೆ. 1970ರ ದಶಕದಲ್ಲಿ ಕೇರಳದ ಮುಖ್ಯಮಂತ್ರಿಯಾಗಿದ್ದ ಸಿ. ಅಚ್ಯುತ ಮೆನನ್ ಮತ್ತು ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರು ತಿರುವನಂತಪುರದ ಉಳ್ಳೂರಿನಲ್ಲಿ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಕಟ್ಟಡಗಳನ್ನು ಅವರಿಗೆ ಒಪ್ಪಿಸಿದರು. ಇಟ್ಟಿಗೆಯ ಗೋಡೆಗಳೇ ಭಾರ ಹೊರುವ ಕಟ್ಟಡಗಳು. ಹೊರಗೆ ಸಿಮೆಂಟಿನ ಗಿಲಾವು ಇಲ್ಲ, ಬಣ್ಣವಿಲ್ಲ. ಕಿಟಕಿಯ ಬದಲು ಇಟ್ಟಿಗೆಯ ನಡುವೆ ಸಂದು ಬಿಟ್ಟು ಕಟ್ಟಿದ ಜಾಲಂದ್ರಗಳು. ಮರ ಅಡ್ಡ ಬಂದರೆ ಮರ ಕಡಿಯಲಿಲ್ಲ, ಗೋಡೆ ಬಳುಕಿತು. ಕಂಪ್ಯೂಟರ್ ಕೇಂದ್ರಕ್ಕೆ ಎರಡು ಪದರದ ದುಂಡು ಗೋಡೆ ಕಟ್ಟಿ ಕಾವನ್ನು ಹೊರಗೇ ತಡೆದರು. ಖರ್ಚು ಆಗಿನ ಸರ್ಕಾರಿ ದರಕ್ಕಿಂತ ಎಷ್ಟೋ ಕಡಿಮೆ ಬಿತ್ತು.

ಕಡಿಮೆ ಆದದ್ದು ಹೇಗೆ ಎಂದು ನನ್ನ ವೃತ್ತಿಯ ಕಣ್ಣಿನಿಂದ ನೋಡಿದೆ. ಒಂದು, ರ‍್ಯಾಟ್ ಟ್ರ್ಯಾಪ್ ಬಾಂಡ್. ಇಟ್ಟಿಗೆಯನ್ನು ಅಂಗಾತ ಮಲಗಿಸದೆ ಮಗ್ಗುಲಾಗಿ ನಿಲ್ಲಿಸಿ ಕಟ್ಟುತ್ತಾರೆ. ಒಂಬತ್ತಿಂಚಿನ ಗೋಡೆಯೊಳಗೆ ಮೂರಿಂಚಿನ ಟೊಳ್ಳು ಉಳಿಯುತ್ತದೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯ, ಮೇಲಾಗಿ ಒಳಗಿನ ಗಾಳಿಯೇ ಬಿಸಿಲಿಗೆ ಅಡ್ಡ ನಿಲ್ಲುತ್ತದೆ. ಇನ್ನೊಂದು, ಫಿಲ್ಲರ್ ಸ್ಲ್ಯಾಬ್. ಸ್ಲ್ಯಾಬಿನ ಕೆಳ ಅರ್ಧದ ಕಾಂಕ್ರೀಟು ಹೆಚ್ಚಾಗಿ ಕಬ್ಬಿಣವನ್ನು ಹಿಡಿದುಕೊಳ್ಳಲಷ್ಟೇ ಇರುತ್ತದೆ. ಎಳೆತ ತಡೆಯುವುದು ಕಬ್ಬಿಣ, ಒತ್ತಡ ಹೊರುವುದು ಮೇಲಿನ ಪದರ. ಹಾಗಾದರೆ ಕಬ್ಬಿಣದ ಸರಳುಗಳ ನಡುವಿನ ಆ ಜಾಗಕ್ಕೆ ದುಬಾರಿ ಕಾಂಕ್ರೀಟು ಯಾಕೆ? ಬೇಕರ್ ಅಲ್ಲಿ ಹಳೆಯ ಮಂಗಳೂರು ಹೆಂಚು ಇಟ್ಟರು. ನಮ್ಮ ಕರಾವಳಿಯಲ್ಲಿ 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಹೆಂಚು, ಮಾಡಿನಿಂದ ಇಳಿಸಿದ ಮೇಲೂ ಹೀಗೆ ಸ್ಲ್ಯಾಬಿನೊಳಗೆ ಸೇರಿ ಎರಡನೆಯ ಬಾಳು ಕಂಡಿತು. ಇದರಲ್ಲಿ ಎಂಜಿನಿಯರಿಂಗ್ ಪಠ್ಯಕ್ಕೆ ವಿರುದ್ಧವಾದದ್ದು ಒಂದಕ್ಷರವೂ ಇಲ್ಲ. ಅದೇ ಪಠ್ಯ ನಾನೂ ಓದಿದ್ದೆ, ಹೆಂಚು ಮಾತ್ರ ಹೊಳೆದಿರಲಿಲ್ಲ.

ಅವರಿಗೆ ದೊಡ್ಡ ಕಚೇರಿ ಇರಲಿಲ್ಲ. ಬಳಸಿದ ಲಕೋಟೆಯ ಹಿಂಬದಿಯಲ್ಲಿ ನಕ್ಷೆ ಬರೆಯುತ್ತಿದ್ದರು. ಜಾಗದಲ್ಲಿ ನಿಂತು, ಮೇಸ್ತ್ರಿಯ ಜೊತೆ ಮಾತಾಡಿ, ಗಾಳಿ ಬರುವ ದಿಕ್ಕು, ನೀರು ಹರಿಯುವ ದಿಕ್ಕು ನೋಡಿ ಗೆರೆ ಬದಲಿಸುತ್ತಿದ್ದರು. ತಿರುವನಂತಪುರದ ಪೂಂತುರದಲ್ಲಿ ಮೀನುಗಾರರಿಗೆ ಕಟ್ಟಿದ ಪುಟ್ಟ ಮನೆಗಳನ್ನು ಸಾಲಾಗಿ ನಿಲ್ಲಿಸದೆ ಹಿಂದೆ ಮುಂದೆ ಸರಿಸಿ ಇಟ್ಟರು, ಕಡಲ ಗಾಳಿ ಎಲ್ಲ ಮನೆಗೂ ಸಿಗಲೆಂದು. ಬಡವನ ಮನೆಗೆ ಒಂದು ಲೆಕ್ಕ, ಸಂಸ್ಥೆಯ ಕಟ್ಟಡಕ್ಕೆ ಇನ್ನೊಂದು ಲೆಕ್ಕ ಎಂಬುದು ಅವರಲ್ಲಿರಲಿಲ್ಲ.

1985ರಲ್ಲಿ ಅಚ್ಯುತ ಮೆನನ್, ಕೆ.ಎನ್. ರಾಜ್ ಮೊದಲಾದವರ ಜೊತೆ ಸೇರಿ ಕಾಸ್ಟ್‌ಫೋರ್ಡ್ ಎಂಬ ಸಂಸ್ಥೆ ಕಟ್ಟಿದರು. ಆ ದಶಕದ ಕೊನೆಗೆ ಭಾರತದ ಪೌರತ್ವ ಸಿಕ್ಕಿತು, 1990ರಲ್ಲಿ ಪದ್ಮಶ್ರೀ ಬಂತು. ವಯಸ್ಸಾದಂತೆ ಅವರ ಮನಸ್ಸು ಸುಟ್ಟ ಇಟ್ಟಿಗೆಯಿಂದಲೂ ಮಣ್ಣಿನ ಕಡೆಗೆ ವಾಲಿತು. ಇಟ್ಟಿಗೆ ಸುಡಲು ಕಟ್ಟಿಗೆ ಬೇಕು. ಮಣ್ಣಿಗೆ ಒಲೆಯೇ ಬೇಡ. ನಾನು ಓದಿದ ಪುಸ್ತಿಕೆಯಲ್ಲಿ ಅವರು ಮುದ್ದೆ ಮೇಲೆ ಮುದ್ದೆ ಪೇರಿಸುವ ಗೋಡೆ, ಹಲಗೆಗಳ ನಡುವೆ ಬಡಿದು ಎಬ್ಬಿಸುವ ಗೋಡೆ, ಹಸಿ ಇಟ್ಟಿಗೆ, ಯಂತ್ರದಲ್ಲಿ ಒತ್ತಿದ ಇಟ್ಟಿಗೆ, ತಡಿಕೆಗೆ ಮೆತ್ತಿದ ಗೋಡೆ ಎಂದು ಒಂದೊಂದನ್ನೂ ಮಕ್ಕಳಿಗೆ ಹೇಳುವಂತೆ ಚಿತ್ರ ಬಿಡಿಸಿ ಹೇಳಿದ್ದಾರೆ. ಯಾವ ಮಣ್ಣು ಯಾವುದಕ್ಕೆ ಎಂದು ಕೈಯಲ್ಲಿ ಉಂಡೆ ಕಟ್ಟಿ, ಹೊಸೆದು ನೋಡುವ ಬಗೆಯೂ ಇದೆ. ನಮ್ಮ ರಾಜ್ಯದಲ್ಲೂ ಇದೇ ದಿಕ್ಕಿನ ಕೆಲಸ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ಶುರುಮಾಡಿದ ಅಸ್ತ್ರ ಕೇಂದ್ರ, ಸ್ವಲ್ಪವೇ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನೂ ಹೊಗೆ ಕಡಿಮೆ ಮಾಡುವ ಒಲೆಯನ್ನೂ ಹಳ್ಳಿಗೆ ಒಯ್ದಿತು.

ಅಪ್ಪನ ಭಯ

ಇಷ್ಟು ಓದಿ, ಹಾಗಾದರೆ ಹಳೆಯದೆಲ್ಲ ಚೆನ್ನ ಎಂದು ಅಣ್ಣನಿಗೆ ಉಪದೇಶ ಮಾಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಮಣ್ಣಿನ ಮಾಳಿಗೆಯ ಮೇಲಿನ ಅಪನಂಬಿಕೆ ಫ್ಯಾಶನ್ನಿನಿಂದ ಬಂದದ್ದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಹತ್ತಿರ ಹತ್ತಿರ ಹತ್ತು ಸಾವಿರ ಮಂದಿ ತಮ್ಮ ಮನೆಗಳಡಿಯಲ್ಲೇ ಸತ್ತರು. ನಮ್ಮೂರಿನಲ್ಲಿ ಪಾತ್ರೆ ಉರುಳಿದವು, ನಮ್ಮ ಮಾಳಿಗೆಯ ಒಂದು ಗೋಡೆ ಬಿರಿಯಿತು. ಆ ಮೇಲೆ ಎಷ್ಟೋ ರಾತ್ರಿ ಅಪ್ಪ ನಮ್ಮನ್ನೆಲ್ಲ ಕಣದಲ್ಲಿ ಮಲಗಿಸಿದ. ಸಾಯುವವರೆಗೂ ಅವನ ಬಾಯಲ್ಲಿ ಒಂದೇ ಮಾತು, ಮಣ್ಣಿನ ಕೆಳಗೆ ಮಲಗಬೇಡಿ.

ಬೇಕರ್ ಭೂಕಂಪದ ಕುರಿತೂ ಒಂದು ಕೈಪಿಡಿ ಬರೆದಿದ್ದಾರೆ. ಅವರು ಹಳ್ಳಿಯ ಕಸುಬನ್ನು ಹೊಗಳಿದರು ನಿಜ, ಪೂಜೆ ಮಾಡಲಿಲ್ಲ. ತಪ್ಪು ಎಲ್ಲಿದೆ ಎಂದು ನೋಡಿ ಅದನ್ನಷ್ಟೇ ತಿದ್ದುವ ಜಾಯಮಾನ ಅವರದು. ಆ ಕಣ್ಣಿನಿಂದ ನೋಡಿದರೆ ಕಿಲ್ಲಾರಿಯ ಮನೆಗಳಲ್ಲಿ ಎರಡು ದೋಷ ಕಾಣುತ್ತವೆ. ಎರಡೂವರೆ ಅಡಿಯ ಗೋಡೆ ನೋಡಲು ಒಂದೇ, ನಿಜಕ್ಕೆ ಒಳಮೈ ಒಂದು, ಹೊರಮೈ ಒಂದು, ನಡುವೆ ಜಲ್ಲಿ ಮಣ್ಣು. ಎರಡನ್ನೂ ಸೇರಿಸಿ ಹಿಡಿಯುವ ಉದ್ದಗಲ್ಲುಗಳಿಲ್ಲದಿದ್ದರೆ ನಡುಕಕ್ಕೆ ಗೋಡೆ ಸೀಳಿಕೊಂಡು ಹೊಟ್ಟೆ ಬಿಡುತ್ತದೆ. ಮಾಳಿಗೆಯ ಮೇಲಿನ ಭಾರ ಎರಡನೆಯ ದೋಷ. ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕುತ್ತಾರೆ; ಹೊಸದು ಹಾಕುವಾಗ ಹಳೆಯದನ್ನು ತೆಗೆಯುವುದಿಲ್ಲ. ಹಾಗೆ ತಲೆಮಾರು ಕಳೆದರೆ ಜಂತಿಗಳ ಮೇಲೆ ಒಂದು ಹೊಲವೇ ಕೂತಿರುತ್ತದೆ.

ಮಳೆಗಾಲ ಮುಗಿದ ಮೇಲೆ ಊರಿಗೆ ಹೋಗಿ ನಮ್ಮ ಮಾಳಿಗೆ ಹತ್ತಿ ಹಾರೆಯಿಂದ ತೋಡಿ ನೋಡಿದೆ. ಮಣ್ಣಿನ ದಪ್ಪ ಒಂದೂಕಾಲು ಅಡಿ. ಮಾಳಿಗೆ 30 ಅಡಿ ಉದ್ದ, 15 ಅಡಿ ಅಗಲ. ಲೆಕ್ಕ ಹಾಕಿದರೆ ಸುಮಾರು 25 ಟನ್. ನಲವತ್ತು ಅಂತಸ್ತಿನ ಕಟ್ಟಡದ ಪ್ರತಿ ಕೋಣೆಯ ಭಾರವನ್ನು ಕಿಲೋ ಲೆಕ್ಕದಲ್ಲಿ ಬರೆದಿಡುವ ನಾನು, ಅವ್ವನ ತಲೆಯ ಮೇಲಿರುವುದು ಎಷ್ಟೆಂದು ಅದುವರೆಗೆ ಅಳೆದಿರಲಿಲ್ಲ. ಅಪ್ಪನ ಭಯದಲ್ಲಿ ಅರ್ಥವಿತ್ತು. ಆ ಕೋಣೆಯ ತಂಪನ್ನು ಆರಿಸಿಕೊಂಡ ಅವ್ವನೂ ತಪ್ಪಿರಲಿಲ್ಲ.

ಸಿಮೆಂಟಿನ ನಾಡಿನಲ್ಲಿ

ಗಾಂಧಿಯ ಐದು ಮೈಲಿಯ ಲೆಕ್ಕ ನಮ್ಮ ಕಡೆ ಒಂದು ತಮಾಷೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಸೇಡಂ, ಮಳಖೇಡ, ವಾಡಿ, ತಾಂಡೂರು ಎಲ್ಲ ಸುಣ್ಣಕಲ್ಲಿನ ನೆಲ. ಸಿಮೆಂಟು ಕಾರ್ಖಾನೆಯ ಚಿಮಣಿ ನಮ್ಮ ಮಾಳಿಗೆಯಿಂದಲೇ ಕಾಣುತ್ತದೆ. ಅಣ್ಣ ಅದನ್ನೇ ತೋರಿಸಿ, ಇದೂ ಐದು ಮೈಲಿಯೊಳಗೇ ಇದೆಯಲ್ಲ ಎಂದು ನಕ್ಕ. ಅವನ ಮಾತಿಗೆ ನಾನು ತಕ್ಷಣ ಉತ್ತರ ಕೊಡಲಾರದೆ ಹೋದೆ.

ಬೇಕರ್ ಆ ಐದು ಮೈಲಿಯನ್ನು ಬರಿಯ ದೂರವೆಂದು ಓದಲಿಲ್ಲ. ಒಂದು ಸಾಮಗ್ರಿ ತಯಾರಾಗಲು ಎಷ್ಟು ಇಂಧನ ಸುಡಬೇಕು, ಅದಕ್ಕೆ ಕೊಟ್ಟ ದುಡ್ಡು ಯಾವ ಊರಿಗೆ ಹೋಗುತ್ತದೆ, ಅದನ್ನು ಕಟ್ಟುವ ಕೈಗಳು ಯಾರವು ಎಂದು ಕೇಳಿದರು. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟರೆ ಸುಣ್ಣವಾಗುತ್ತದೆ, ಸಿಮೆಂಟಿಗೆ 1450 ಡಿಗ್ರಿ ಬೇಕು. ಗಾರೆಯ ಸುಣ್ಣ ಗಟ್ಟಿಯಾಗುವಾಗ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹೀರಿಕೊಳ್ಳುತ್ತದೆ. ಫರಸಿ ಕಲ್ಲನ್ನಂತೂ ಸುಡುವುದೇ ಬೇಡ, ಪದರ ಪದರವಾಗಿ ಎದ್ದು ಬರುತ್ತದೆ. ಕಾಗಿಣಾ ನದಿಯ ದಂಡೆಯಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆ ನಿಂತಿರುವುದೂ ಈ ಕಲ್ಲಿನ ಮೇಲೇ. ಹಾಗೆಂದು ಬೇಕರ್ ಸಿಮೆಂಟು, ಕಬ್ಬಿಣಗಳನ್ನು ಮುಟ್ಟಲಿಲ್ಲವೆಂದಲ್ಲ. ಬೇಕಾದ ಕಡೆ, ಬೇಕಾದಷ್ಟೇ ಬಳಸಿದರು. ಊರಿನ ಸಿಮೆಂಟನ್ನು ಊಟದ ಉಪ್ಪಿನಂತೆ ಬಳಸೋಣ ಎಂದೆ ಅಣ್ಣನಿಗೆ.

ಕೊನೆಗೆ ನಾನು ಕಳಿಸಿದ ನಕ್ಷೆ ಇಷ್ಟು: ಮಾಳಿಗೆಯ ಮಣ್ಣನ್ನೆಲ್ಲ ಇಳಿಸುವುದು. ಗೋಡೆಯಲ್ಲಿ ಅಲ್ಲಲ್ಲಿ ಉದ್ದಗಲ್ಲು ಕೂರಿಸುವುದು. ಬಾಗಿಲ ನೆತ್ತಿಯ ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಸುತ್ತಿ ಹಿಡಿಯುವ ಕಾಂಕ್ರೀಟಿನ ಪಟ್ಟಿ. ಸಿಮೆಂಟು, ಕಬ್ಬಿಣ ಬರುವುದು ಅಲ್ಲಿ ಮಾತ್ರ. ಹಳೆಯ ತೊಲೆಗಳಲ್ಲಿ ಗಟ್ಟಿ ಇರುವವನ್ನು ಉಳಿಸಿಕೊಂಡು ಮೇಲೆ ಫರಸಿ ಕಲ್ಲು ಹಾಸಿ, ಇಟ್ಟಿಗೆ ಚೂರು ಸುಣ್ಣ ಬೆರೆಸಿದ ನಾಲ್ಕಿಂಚಿನ ಗಚ್ಚು ಬಡಿಯುವುದು. ಭಾರ ಸುಮಾರು 12 ಟನ್, ಹಳೆಯದರ ಅರ್ಧಕ್ಕಿಂತ ಕಡಿಮೆ. ಬೆಳಕಿಂಡಿ ಇದ್ದಲ್ಲೇ ಇರುತ್ತದೆ. ಗೋಡೆಯ ಬುಡಕ್ಕೆ ನೀರು ನಿಲ್ಲದಂತೆ ಸುತ್ತ ಕಲ್ಲಿನ ಇಳಿಜಾರು.

ಅಣ್ಣ ಪೂರ್ತಿ ಒಪ್ಪಲಿಲ್ಲ. ಬೀಗರ ಕಣ್ಣಿಗೆ ಬೀಳುವ ಬೀದಿಯ ಕಡೆಯ ಗೋಡೆಗೆ ಗಿಲಾವು, ಬಣ್ಣ ಬೇಕೇ ಬೇಕೆಂದ. ಸುಣ್ಣದ ಗಿಲಾವು ಮಾಡೋಣ ಎಂದು ನಾನೂ ಒಂದು ಹೆಜ್ಜೆ ಇಳಿದೆ. ಗಚ್ಚು ಬಡಿಯಲು ಬಲ್ಲ ಮೇಸ್ತ್ರಿ ನಮ್ಮೂರಿನಲ್ಲಿ ಈಗ ಒಬ್ಬರೇ, ಎಪ್ಪತ್ತು ದಾಟಿದವರು. ಅವರು ಹೇಳುತ್ತಾರೆ, ಇಬ್ಬರು ಹುಡುಗರು ಬಡಿಯುತ್ತಾರೆ ಎಂದಾಯಿತು. ಬೇಕರ್ ಇದ್ದಿದ್ದರೆ ನನ್ನ ನಕ್ಷೆಗಿಂತ ಆ ಇಬ್ಬರು ಹುಡುಗರ ವಿಚಾರವನ್ನೇ ಹೆಚ್ಚು ಕೇಳುತ್ತಿದ್ದರೇನೋ.

ಲಾರಿ ಬೇಕರ್ 2007ರ ಏಪ್ರಿಲ್ 1ರಂದು ತಿರುವನಂತಪುರದ ಅದೇ ಮನೆಯಲ್ಲಿ ತೀರಿಕೊಂಡರು. ತೊಂಬತ್ತು ತುಂಬಿತ್ತು. ನಾನು ಎಂಜಿನಿಯರಿಂಗ್ ಮುಗಿಸಿ ಹೈದರಾಬಾದಿನ ಬಸ್ಸು ಹತ್ತಿದ್ದೂ ಆ ವರ್ಷವೇ. ಎರಡು ವರ್ಷದ ನಂತರ ಮನೆಯ ಮೇಲೆ ಆ ಐದಿಂಚಿನ ಸ್ಲ್ಯಾಬು ಹಾಕಿಸಿದೆ.

ದೀಪಾವಳಿ ಮುಗಿದ ಮೇಲೆ ಮಾಳಿಗೆಯ ಮಣ್ಣು ಇಳಿಸಿದರು. ಏಳು ಟ್ರಾಲಿ ಆಯಿತೆಂದು ಅಣ್ಣ ಫೋನಿನಲ್ಲಿ ಹೇಳಿದ. ಮಣ್ಣನ್ನು ಎಲ್ಲಿ ಹಾಕಿಸಿದೆ ಎಂದು ಕೇಳಿದೆ. ಅದು ನಮ್ಮ ಹೊಲದಿಂದಲೇ ಬಂದದ್ದಂತೆ, ಅಜ್ಜ ಹೊತ್ತದ್ದು. ಅವ್ವ ಟ್ರಾಲಿಯ ಜೊತೆಗೇ ನಡೆದುಹೋಗಿ ಹೊಲದ ತಗ್ಗಿಗೆ ಹಾಕಿಸಿ ಬಂದಿದ್ದಳು.